ಅಳಿವೆಯ ಲೆಕ್ಕ ಘಟ್ಟದಿಂದ ಶುರುವಾಗುತ್ತದೆ

ಮೂಡಿಗೆರೆ-ಕಳಸದ ಮಳೆಯೆಲ್ಲ ಒಂದೇ ಕಡಲಿಗೆ ಹೋಗುವುದಿಲ್ಲ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯನ್ನು ಸೇರುತ್ತದೆ. ಕಳಸದ ಮೂಲಕ ಹರಿಯುವ ಭದ್ರೆ ತುಂಗೆಯ ಜೊತೆಗೂಡಿ ಕೃಷ್ಣೆಯತ್ತ ಸಾಗುತ್ತದೆ. ಎರಡೂ ನೀರು ಕೊನೆಗೆ ಬಂಗಾಳ ಕೊಲ್ಲಿಗೆ. ಆದರೆ ಅದೇ ಕುದುರೆಮುಖ ಶ್ರೇಣಿಯ ಪಡುವಣ ಮಗ್ಗುಲಿಗೆ ಬಿದ್ದ ಹನಿ ನೇತ್ರಾವತಿಯಾಗಿ ಸುಮಾರು ನೂರು ಕಿಲೋಮೀಟರ್ ಹರಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ನದಿ ಕಡಲಿಗೆ ಬಾಯ್ದೆರೆಯುವ ಆ ಜಾಗವನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಘಟ್ಟದ ಮೇಲಿರುವ ನಮ್ಮ ಚರಿತ್ರೆಯ ಒಂದು ಪಾಲು ಆ ಅಳಿವೆಯಲ್ಲಿದೆ.

1342ರ ಸುಮಾರಿಗೆ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತ, ಮಂಗಳೂರಿನ ಅಳಿವೆಯನ್ನು ಮಲಬಾರಿನಲ್ಲೇ ದೊಡ್ಡದೆಂದು ಬರೆದಿದ್ದಾನೆ. ಫಾರಸ್ ಮತ್ತು ಯಮನಿನ ವರ್ತಕರು ಅಲ್ಲಿಗೆ ಬಂದಿಳಿಯುತ್ತಿದ್ದರು. ಮೆಣಸು, ಶುಂಠಿ ಅಲ್ಲಿ ಹೇರಳವಾಗಿ ಸಿಗುತ್ತಿತ್ತು. ಆ ವ್ಯಾಪಾರ ಬಿಟ್ಟುಹೋದ ಮಾತುಗಳು ಇಂದಿಗೂ ನಮ್ಮ ಬಾಯಲ್ಲಿವೆ. ಬಂದರು ಎಂಬುದು ಫಾರಸಿ ಪದ. ಹಡಗಿನ ಒಡೆಯನಾದ ನಾಖುದಾ, ಹಗ್ಗ ಎಳೆಯುವ ಖಲಾಸಿ ಇವೆಲ್ಲ ಅದೇ ನೀರಿನಲ್ಲಿ ತೇಲಿ ಬಂದವು. ಶತ್ರುವಿನ ಹಡಗು ಗುರುಪುರ ನದಿಯೊಳಗೆ ನುಗ್ಗದಿರಲೆಂದು 1784ರಲ್ಲಿ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಅಳಿವೆ ಯಾರ ಕೈಯಲ್ಲಿದೆಯೋ ಘಟ್ಟದ ವ್ಯಾಪಾರವೂ ಅವರ ಕೈಯಲ್ಲಿ ಎಂಬುದನ್ನು ಆ ಕಾಲದ ಅರಸರು ಬಲ್ಲವರಾಗಿದ್ದರು.

ನಮ್ಮ ಕಾಫಿಯ ಕಥೆಯೂ ಕಡಲಿನದೇ. ಬಾಬಾ ಬುಡನ್ ಅವರು ಹಜ್ಜಿನಿಂದ ಮರಳುವಾಗ ಯಮನಿನಿಂದ ಏಳು ಬೀಜ ತಂದರೆಂಬುದು ನಾವೆಲ್ಲ ಕೇಳಿ ಬೆಳೆದ ಐತಿಹ್ಯ. ಹತ್ತೊಂಬತ್ತನೇ ಶತಮಾನದಲ್ಲಿ ತೋಟಗಳು ಹಬ್ಬಿದಾಗ ಬೀಜ ಮತ್ತೆ ಕಡಲಿನತ್ತಲೇ ಹೊರಟಿತು. ಎತ್ತಿನ ಗಾಡಿಗಳು ಘಾಟಿ ಇಳಿದು ಬಂಟ್ವಾಳ ಮುಟ್ಟುತ್ತಿದ್ದವು. ನೇತ್ರಾವತಿಯಲ್ಲಿ ನಾಡದೋಣಿಗಳು ಅಲ್ಲಿಯವರೆಗೂ ಬರುತ್ತಿದ್ದವು. ಕೆಳಗೆ ಕಾಫಿ, ಏಲಕ್ಕಿ. ಮೇಲೆ ಉಪ್ಪು, ಒಣಮೀನು. ನದಿಯಲ್ಲಿ ನೀರಿದ್ದರೆ ದೋಣಿ, ದೋಣಿಯಿದ್ದರೆ ಸಂತೆ.

ಈಗ ಅಳಿವೆಗೆ ಅಡ್ಡಗಟ್ಟೆ ಕಟ್ಟಿದರೆ ಏನಾಗುತ್ತದೆಂಬ ಪ್ರಶ್ನೆ. ಫ್ರಾನ್ಸಿನ ರಾನ್ಸ್ ನದಿಯ ಬಾಯಿಗೆ ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವ ಕಟ್ಟೆ ಕಟ್ಟಿ 1966ರಲ್ಲಿ ಉದ್ಘಾಟಿಸಿದರು. ಸಾಮರ್ಥ್ಯ 240 ಮೆಗಾವಾಟ್. ಹಡಗುಗಳು ದಾಟಲು ಪ್ರತ್ಯೇಕ ಬಾಗಿಲನ್ನೂ ಇಟ್ಟರು. ಆದರೆ ಕಟ್ಟುವಾಗ ಸುಮಾರು ಮೂರು ವರ್ಷ ಅಳಿವೆಯನ್ನು ಕಡಲಿನಿಂದ ಬೇರ್ಪಡಿಸಿದ್ದರಿಂದ ಒಳಗಿನ ಜಲಚರಗಳು ಬಹುಪಾಲು ನಾಶವಾದವು. ಹೊಸ ಸಮತೋಲ ಬರಲು ಸುಮಾರು ಹತ್ತು ವರ್ಷ ಬೇಕಾಯಿತು. ನಮ್ಮ ದೇಶದಲ್ಲಿ ಇಂಥ ಆಲೋಚನೆ ನಡೆದದ್ದು ಉಬ್ಬರ ಹೆಚ್ಚಿರುವ ಖಂಭಾತ್ ಮತ್ತು ಕಚ್ಛ್ ಕೊಲ್ಲಿಗಳಲ್ಲಿ. ಮಂಗಳೂರಿನ ಉಬ್ಬರ ಒಂದೂವರೆ ಮೀಟರಿನ ಆಸುಪಾಸು. ಅಂಥ ಯಂತ್ರ ತಿರುಗಿಸಲು ಅದು ಸಾಲದು.

ಹಾಗೆಂದು ನೇತ್ರಾವತಿಯ ಅಳಿವೆ ನಿಶ್ಚಿಂತೆಯಿಂದಿಲ್ಲ. ಇಲ್ಲಿ ಕಟ್ಟೆ ಬರುವುದು ಕಡಲಿನ ಕಡೆಯಿಂದಲ್ಲ, ಘಟ್ಟದ ಕಡೆಯಿಂದ. ಶಂಭೂರಿನಲ್ಲಿ ಜಲವಿದ್ಯುತ್ತಿನ ಕಟ್ಟೆ, ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿನ ಕಿಂಡಿ ಅಣೆಕಟ್ಟು. ಮೇಲೆ, ನಮ್ಮ ನೆರೆಯ ಸಕಲೇಶಪುರದಲ್ಲಿ ಎತ್ತಿನಹೊಳೆ. ಪಡುವಣಕ್ಕೆ ಹರಿಯುವ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಪಂಪಿನಿಂದೆತ್ತಿ ಪೂರ್ವಕ್ಕೆ ತಿರುಗಿಸುವ ಈ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತದ ಉದ್ಘಾಟನೆ ನಡೆದದ್ದು 2024ರ ಸೆಪ್ಟೆಂಬರ್ 6ರಂದು. ಅಷ್ಟರೊಳಗೆ ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿತ್ತು. ಆ ಜಲಾನಯನದಲ್ಲಿ ಸಿಗುವ ನೀರೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ 2015ರಲ್ಲಿ ಹೇಳಿತು.

ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಎತ್ತುತ್ತೇವೆ, ಅದು ಹೇಗೂ ಕಡಲಿಗೆ ಹರಿದು ಪೋಲಾಗುವ ನೀರು ಎಂಬುದು ಯೋಜನೆಯ ಪರವಾದ ವಾದ. ಈ 'ಪೋಲು' ಎಂಬ ಮಾತನ್ನು ನಾವು ಒಪ್ಪುವುದು ಕಷ್ಟ. ಅಳಿವೆಯ ಬಾಯಲ್ಲಿ ಅಲೆಗಳು ಮರಳನ್ನು ತಂದು ದಿಣ್ಣೆ ಕಟ್ಟುತ್ತವೆ. ಅದನ್ನು ಕೊರೆದು ದಾರಿ ಬಿಡಿಸುವುದು ಮಳೆಗಾಲದ ನೆರೆಯೇ. ಬೇಸಿಗೆಯಲ್ಲಿ ಹರಿವು ಕುಗ್ಗಿದಷ್ಟೂ ಉಪ್ಪುನೀರು ಮೇಲೇರುತ್ತದೆ. ಹೊಳೆ ಹೊತ್ತು ತರುವ ಮಣ್ಣು, ಗೊಬ್ಬರದಿಂದಲೇ ಅಳಿವೆಯ ಮೀನು ಮರಿಗಳು ಬೆಳೆಯುತ್ತವೆ. ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳ ಖಲಾಸಿಗಳಿಗೂ, ಬೆಂಗ್ರೆ-ಉಳ್ಳಾಲದ ಮೀನುಗಾರರಿಗೂ ಆ ಒಂದು ಬಾಯಿಯೇ ಬಾಗಿಲು. ಮರಳು ದಿಣ್ಣೆಗೆ ತಾಗಿದ ದೋಣಿ ಮಗುಚುವುದಕ್ಕೆ ಗಳಿಗೆಯೂ ಬೇಡ.

ಹಾಗಾದರೆ ಕೋಲಾರ, ಚಿಕ್ಕಬಳ್ಳಾಪುರದ ಜನ ಫ್ಲೋರೈಡ್ ನೀರನ್ನೇ ಕುಡಿಯುತ್ತಿರಲೇ? ಖಂಡಿತ ಬೇಡ. ಅವರ ಬಾಯಾರಿಕೆ ನಿಜ. ಬಾಯಾರಿದವರಿಗೆ ನೀರಿಲ್ಲ ಎನ್ನುವುದು ನಮ್ಮ ಸಂಸ್ಕೃತಿಯಲ್ಲ. ಆದರೆ ಕೊಡುವ ಮೊದಲು ಕೊಡದಲ್ಲಿ ಎಷ್ಟಿದೆ, ಅದನ್ನು ನೆಚ್ಚಿ ಕೂತವರು ಯಾರು ಎಂದು ನೋಡಬೇಕಲ್ಲವೇ? ನೀರಿನ ಚರ್ಚೆಯಲ್ಲಿ ನಾವು ಹೆಚ್ಚಾಗಿ ಕೇಳಿದ್ದು ಟಿಎಂಸಿ ಮತ್ತು ಕೋಟಿಗಳನ್ನು. ಅಳಿವೆಯ ಆಳ ಎಷ್ಟು ಮೊಳ, ದೋಣಿ ದಾಟಲು ಎಷ್ಟು ಬೇಕು ಎಂಬ ಲೆಕ್ಕ ಖಲಾಸಿಯ ಬಳಿಯಿದೆ. ವರ್ಷ ವರ್ಷವೂ ಅದನ್ನು ಅಳೆದು ಜನರ ಮುಂದಿಟ್ಟ ಮೇಲೆ ಮಾತ್ರ ಎಷ್ಟು ನೀರು ತಿರುಗಿಸಬಹುದೆಂದು ತೀರ್ಮಾನಿಸಲಿ. ಘಟ್ಟದವರಾದ ನಾವು ಈ ಮಾತನ್ನು ಮೊದಲು ಕೇಳಬೇಕು. ಏಕೆಂದರೆ ಅವರ ಬಾಗಿಲನ್ನು ತೆರೆದಿಡುವ ನೀರು ನಮ್ಮ ಬೆಟ್ಟಗಳಿಂದಲೇ ಇಳಿಯುತ್ತದೆ.