ತೋಳು ಸೋತುದೇಕೆ?

ಪ್ರಾಚೀನ ಗ್ರೀಕರ ಜಟ್ಟಿಗಳಲ್ಲಿ ಕ್ರೊಟೋನಾ ಪಟ್ಟಣದ ಮೈಲೋ ಅಗ್ರಗಣ್ಯ. ಕ್ರಿ. ಪೂ. 6ನೆಯ ಶತಮಾನದ ಈ ವೀರ ಮುಪ್ಪಿನಲ್ಲಿ ತರುಣ ಮಲ್ಲರ ಸಾಧನೆಯನ್ನು ಕಂಡು, ತನ್ನ ತೋಳುಗಳು ಸತ್ತುಹೋದುವೆಂದು ಕಣ್ಣೀರಿಟ್ಟನಂತೆ. ಕ್ರಿ. ಪೂ. 44ರಲ್ಲಿ ಮುಪ್ಪನ್ನು ಕುರಿತು ಗ್ರಂಥ ಬರೆದ ರೋಮಿನ ಸಿಸೆರೊ ಈ ಕಥೆಯನ್ನು ಹೇಳಿಸಿ ಮೈಲೋವನ್ನು ಹಳಿಯುತ್ತಾನೆ. ದೇಹಬಲವನ್ನೇ ನೆಚ್ಚಿದವನ ಗತಿ ಇಷ್ಟೇ ಎಂಬುದು ತಾತ್ಪರ್ಯ. ನೀತಿಯೇನೋ ಸರಿ. ಆದರೆ ತೋಳು ಸೋತುದೇಕೆ?

ಉತ್ತರದ ಮೊದಲ ಎಳೆ ದೊರೆತುದು ಬಹುಕಾಲದ ಮೇಲೆ. 1791ರಲ್ಲಿ ಇಟಲಿಯ ಗ್ಯಾಲ್ವಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಅದುರುವುದನ್ನು ಲೋಕಕ್ಕೆ ತಿಳಿಸಿದ. 1925ರಲ್ಲಿ ಇಂಗ್ಲೆಂಡಿನ ಲಿಡೆಲ್ ಮತ್ತು ಶೆರಿಂಗ್ಟನ್ ಅವರು ಒಂದು ನರಕೋಶವನ್ನೂ ಅದರ ಅಪ್ಪಣೆಯಂತೆ ನಡೆಯುವ ಸ್ನಾಯುತಂತುಗಳನ್ನೂ ಕೂಡಿಸಿ ‘ಚಾಲಕ ಘಟಕ’ ಎಂದು ಕರೆದರು. 1973ರಲ್ಲಿ ಕ್ಯಾಂಬೆಲ್, ಮೆಕೋಮಸ್ ಮತ್ತು ಪೆಟಿಟೊ ಪಾದದ ಒಂದು ಸಣ್ಣ ಸ್ನಾಯುವನ್ನು ಪರೀಕ್ಷಿಸಿ, ಅರವತ್ತರ ಮೇಲೆ ಈ ಘಟಕಗಳು ಕಡಿಮೆಯಾಗುತ್ತವೆಂದೂ ಉಳಿದವು ಹಿಗ್ಗುತ್ತವೆಂದೂ ತೋರಿಸಿದರು. ನರ ಸತ್ತು ಅನಾಥವಾದ ತಂತುಗಳಲ್ಲಿ ಕೆಲವನ್ನು ನೆರೆಯ ನರವು ದತ್ತು ತೆಗೆದುಕೊಳ್ಳುತ್ತದೆ, ಮಿಕ್ಕವು ಕ್ಷಯಿಸುತ್ತವೆ. ದೊಡ್ಡದಾದ ಈ ಸಂಸಾರಕ್ಕೆ ನಯವಾದ ಕೆಲಸ ಕಷ್ಟ. ಅಂಗಿಯ ಗುಂಡಿ ಹಾಕುವ ಬೆರಳು ತಡವರಿಸುವುದಕ್ಕೆ ಇದೂ ಒಂದು ಕಾರಣ.

ಭಾಷೆಯನ್ನು ಪಾಠ ಹೇಳುವ ನನಗೆ ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. ಹೆಸರಿಲ್ಲದ ಕ್ಷೀಣತೆಯನ್ನು ಯಾರೂ ಲಕ್ಷಿಸರೆಂದು ಬಗೆದ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಮೂಲದಿಂದ ‘ಸಾರ್ಕೊಪೀನಿಯ’ ಎಂಬ ಪದವನ್ನು ಕಟ್ಟಿದರು. ಅದರ ಅರ್ಥ ಮಾಂಸದ ಬಡತನ. ಹೆಸರೇನೋ ನಿಂತಿತು. ಆದರೆ ಮರುವರ್ಷವೇ ಬಾಸ್ಟನ್ನಿನಿಂದ ಬೇರೊಂದು ವಾರ್ತೆ ಬಂದಿತು. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ವೃದ್ಧರಿಂದ ಎಂಟು ವಾರ ಕಾಲುಗಳಿಂದ ಭಾರ ಎತ್ತಿಸಿದ್ದರು. ಪೂರೈಸಿದ ಒಂಬತ್ತು ಮಂದಿಯ ಬಲ ಸರಾಸರಿ ಶೇಕಡ 174ರಷ್ಟು ಏರಿತು. ತೊಡೆಯ ಸ್ನಾಯು ಬೆಳೆದದ್ದು ಶೇಕಡ 9 ಮಾತ್ರ! ಮಾಂಸದ ಲೆಕ್ಕಕ್ಕೆ ಸಿಕ್ಕದ ಈ ಬಲದಲ್ಲಿ ನರಗಳ ಪಾಲು ದೊಡ್ಡದಿರಬೇಕು. 2008ರಲ್ಲಿ ಕ್ಲಾರ್ಕ್ ಮತ್ತು ಮಾನಿನಿ, ಮುಪ್ಪಿನಲ್ಲಿ ಮಾಂಸಕ್ಕಿಂತ ಬಲವೇ ಬೇಗ ಕುಂದುವುದೆಂದು ವಾದಿಸಿ, ‘ಡೈನಪೀನಿಯ’, ಅಂದರೆ ಬಲದ ಬಡತನ, ಎಂಬ ಬೇರೆ ಪದವನ್ನೇ ಮುಂದಿಟ್ಟರು.

ಇದು ಬರಿಯ ಪದಗಳ ಜಗಳವಲ್ಲ. ನಮ್ಮ ಮನೆಗಳಲ್ಲಿ ಹಿರಿಯರ ಕೈಯ ನೀರಿನ ಚೊಂಬನ್ನೂ ಕಸಿದುಕೊಂಡು, “ನೀವು ಸುಮ್ಮನೆ ಕೂತಿರಿ” ಎನ್ನುವುದು ವಾಡಿಕೆ. ಗೌರವದಿಂದಲೇ ಆಡುವ ಮಾತು. ಆದರೆ ಕೂತಷ್ಟೂ ಬಡತನ ಹೆಚ್ಚುತ್ತದೆ. ವೈದ್ಯರನ್ನು ಒಂದು ಮಾತು ಕೇಳಿ, ಆ ಚೊಂಬನ್ನು ಅವರ ಕೈಗೇ ಮರಳಿ ಕೊಡುವುದು ಲೇಸು.