ರಿಯಲ್‌ಟೈಮ್ ವರ್ಚುವಲ್ ಮಷೀನುಗಳಲ್ಲಿ ಕ್ಯಾಶ್ ತೆರವು: ಒಂದು ಟಿಪ್ಪಣಿ

ಡಬ್ಲ್ಯುಬಿ-ಇನ್‌ವಿಡಿ ಎಂಬ ಆದೇಶ 1989ರ ಇಂಟೆಲ್ 80486 ಪ್ರೊಸೆಸರ್ ಜೊತೆ ಬಂದದ್ದು. ಬದಲಾದ ದತ್ತಾಂಶವನ್ನೆಲ್ಲ ಮೆಮೊರಿಗೆ ಬರೆದು ಕ್ಯಾಶನ್ನು ಖಾಲಿ ಮಾಡುವುದು ಅದರ ಕೆಲಸ. ಆ ಚಿಪ್ಪಿನೊಳಗಿದ್ದದ್ದು ಬರೀ 8 ಕಿಲೋಬೈಟ್ ಕ್ಯಾಶ್. ಇಂದು ಹಲವು ಕೋರ್‌ಗಳು ಹಂಚಿಕೊಳ್ಳುವ ಕೊನೆಯ ಹಂತದ ಕ್ಯಾಶ್ ಎಷ್ಟೋ ಮೆಗಾಬೈಟ್ ಇರುತ್ತದೆ. ಅದು ಖಾಲಿಯಾಗುವ ತನಕ ಇಂಟರಪ್ಟ್‌ಗಳು ಕಾಯಬೇಕು.

ಮೈಸೂರಿನ ವಿಜಯನಗರದ ನೆರೆಯ ಹೆಬ್ಬಾಳ ಕೈಗಾರಿಕಾ ಪ್ರದೇಶದಂಥ ಕಡೆ ಯಂತ್ರ ನಿಯಂತ್ರಣವನ್ನೂ ಆಪರೇಟರ್ ನೋಡುವ ಪರದೆಯನ್ನೂ ಒಂದೇ ಪ್ರೊಸೆಸರ್ ಮೇಲೆ ಎರಡು ವರ್ಚುವಲ್ ಮಷೀನುಗಳಾಗಿ ಕೂರಿಸಿದರೆ ಏನಾಗುತ್ತದೆಂದು ಯೋಚಿಸಿ. ಪರದೆಯ ಕಡೆಯ ಡ್ರೈವರ್ ಈ ಆದೇಶ ಕೊಟ್ಟಿತೆಂದರೆ ನಿಯಂತ್ರಣದ ಕಡೆಯ ಕ್ಯಾಶ್ ಕೂಡ ಹೋಯಿತು. ವಿಜಯನಗರದ ನಾಲ್ಕು ಮನೆಯ ಕಟ್ಟಡದಲ್ಲಿ ಒಬ್ಬ ಬಾಡಿಗೆದಾರ ತನ್ನ ನಲ್ಲಿ ರಿಪೇರಿಗೆಂದು ಮಾಳಿಗೆಯ ಟ್ಯಾಂಕನ್ನೇ ಬರಿದು ಮಾಡಿಸಿದ ಹಾಗೆ. ಕ್ಯಾಶನ್ನು ಪಾಲು ಮಾಡಿಕೊಡುವ ಇಂಟೆಲ್‌ನ ಹಂಚಿಕೆ ಸೌಲಭ್ಯವೂ ಇದನ್ನು ತಡೆಯದು. ಯಾರ ದತ್ತಾಂಶ ಎಲ್ಲಿ ಬಂದು ಕೂರಬೇಕೆಂದು ಅದು ಹೇಳುತ್ತದೆ, ಖಾಲಿ ಮಾಡುವವರ ಕೈ ಹಿಡಿಯುವುದಿಲ್ಲ.

ವರ್ಚುವಲ್ ಮಷೀನುಗಳನ್ನು ನಡೆಸುವ ಹೈಪರ್‌ವೈಸರ್‌ಗಳಲ್ಲಿ ಲಿನಕ್ಸ್‌ನ ಕೆವಿಎಂ ಇಲ್ಲಿ ವ್ಯವಹಾರಸ್ಥ. ಕ್ಯಾಶ್‌ನೊಂದಿಗೆ ತಾಳೆ ಇಟ್ಟುಕೊಳ್ಳದೆ ಮೆಮೊರಿಯನ್ನು ನೇರ ಮುಟ್ಟುವ ಸಾಧನ ಆ ಮಷೀನಿಗೆ ಜೋಡಣೆಯಾಗಿಲ್ಲವೆಂದರೆ ಆದೇಶವನ್ನು ನುಂಗಿಹಾಕುತ್ತದೆ. ಇದ್ದರೆ ಮಾತ್ರ ನಿಜವಾಗಿ ನಡೆಸುತ್ತದೆ. ರಿಯಲ್‌ಟೈಮ್ ಕೆಲಸಕ್ಕೆ ತೊಡಕಾಗುವುದು ಆ ಎರಡನೆಯ ಸಂದರ್ಭ.

ಲಿನಕ್ಸ್ ಫೌಂಡೇಶನ್ 2018ರಲ್ಲಿ ಪ್ರಕಟಿಸಿದ ಎಕಾರ್ನ್ ಹೈಪರ್‌ವೈಸರ್ ಬೇರೆ ದಾರಿ ಹಿಡಿದಿದೆ. ರಿಯಲ್‌ಟೈಮ್ ಮಷೀನೊಂದು ಇದೆಯೆಂದಾದರೆ ಅದು ಮೂಲ ಆದೇಶವನ್ನು ಓಡಿಸುವುದೇ ಇಲ್ಲ. ಕೇಳಿದ ಮಷೀನಿನ ಮೆಮೊರಿಯನ್ನಷ್ಟೇ ಪುಟಪುಟವಾಗಿ ನಡೆದು, ಸಾಲುಸಾಲಾಗಿ ಕ್ಯಾಶ್‌ನಿಂದ ಹೊರಹಾಕುತ್ತದೆ. ಕೇಳಿದ್ದು ಸಾಮಾನ್ಯ ಮಷೀನಾದರೆ, ಕೆಲಸ ಮುಗಿಯುವವರೆಗೆ ಅದರ ಉಳಿದ ವರ್ಚುವಲ್ ಸಿಪಿಯುಗಳನ್ನು ನಿಲ್ಲಿಸಿಡುತ್ತದೆ.

ಲೆಕ್ಕ ಹಾಕಿದರೆ ಇದು ದುಬಾರಿ. 64 ಬೈಟಿನ ಸಾಲುಗಳೆಂದರೆ 8 ಮೆಗಾಬೈಟ್ ಕ್ಯಾಶ್‌ನಲ್ಲಿರುವುದು 1,31,072 ಸಾಲು. 1 ಗಿಗಾಬೈಟ್ ಮೆಮೊರಿಯಲ್ಲಿ 1,67,77,216. ಅಂದರೆ 128 ಪಟ್ಟು ವಿಳಾಸಗಳನ್ನು ತಟ್ಟಬೇಕು, ಹೆಚ್ಚಿನವು ಕ್ಯಾಶ್‌ನಲ್ಲಿ ಇಲ್ಲದಿದ್ದರೂ. ಆದರೆ ಆ ಹೊತ್ತನ್ನು ತೆರುವುದು ಆದೇಶ ಕೊಟ್ಟ ಮಷೀನೇ, ಪಕ್ಕದ್ದಲ್ಲ. ರಿಯಲ್‌ಟೈಮ್ ವ್ಯವಸ್ಥೆಯಲ್ಲಿ ಒಟ್ಟು ದುಡಿಮೆಗಿಂತ ಅದು ಯಾರ ಗಡುವಿಗೆ ಬೀಳುತ್ತದೆ ಎಂಬುದೇ ಮುಖ್ಯವಾದ್ದರಿಂದ, ಎಕಾರ್ನ್‌ನ ಆಯ್ಕೆ ಸರಿಯೆಂದೇ ನನ್ನ ಅಭಿಪ್ರಾಯ.

ಗಡುವಿನ ಪರೀಕ್ಷೆ ನಡೆಸುವವರಲ್ಲಿ ಒಂದು ವಿನಂತಿ: ಪಕ್ಕದ ಮಷೀನು ಸುಮ್ಮನಿದ್ದಾಗ ತೆಗೆದ ಅಳತೆಯನ್ನು ನೆಚ್ಚಬೇಡಿ. ಆ ಮಷೀನು ಈ ಆದೇಶವನ್ನು ಮೇಲಿಂದ ಮೇಲೆ ಕೊಡುತ್ತಿರುವಾಗಿನ ಅತಿ ಹೆಚ್ಚಿನ ವಿಳಂಬವನ್ನೂ ವರದಿಯಲ್ಲಿ ಸೇರಿಸಿ.