ಮಂಡಿಯೂರಿದವನ ಚಿತ್ರ

ಕೆಲವು ವರ್ಷಗಳ ಹಿಂದೆ ಸಂಜೆಶಾಲೆ ನಡೆಸುವ ಒಂದು ಚಿಕ್ಕ ಸಂಸ್ಥೆಗೆ ಕರಪತ್ರ ಮಾಡಿಕೊಟ್ಟಿದ್ದೆ. ಹರಿದ ಅಂಗಿ, ಕಣ್ಣ ತುಂಬ ನೀರು... ಒಬ್ಬ ಹುಡುಗನ ಫೋಟೋ. ತೆಗೆದವನೂ ನಾನೇ. ಫೇಸ್‌ಬುಕ್ಕಿಗೂ ಹಾಕಿದೆವು, ದುಡ್ಡು ಚೆನ್ನಾಗಿಯೇ ಬಂತು. ಒಂದು ದಿನ ಹುಡುಗನ ಅಪ್ಪ ಕರಪತ್ರ ಹಿಡಿದು ಬಂದರು. "ಇವ್ನು ಅವತ್ತು ಅತ್ತಿದ್ದು ಬಿದ್ದು ಮಂಡಿ ತರಚಿದ್ದಕ್ಕೆ ಸಾರ್. ನಮ್ಮನ್ನ ಭಿಕ್ಷೆ ಬೇಡೋರ ಥರ ಯಾಕೆ ತೋರ್ಸಿದ್ರಿ?" ಅಂದರು. ನನಗೆ ಬಾಯಿ ಕಟ್ಟಿಹೋಯಿತು.

ಅಂದಿನಿಂದ, ಹೀಗೆ ಚಿತ್ರ ತೋರಿಸಿ ಜನರ ಗಮನ ಸೆಳೆಯುವ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಟೀವಿ ಬಂದಮೇಲಿನದು ಅಂದುಕೊಂಡಿದ್ದೆ. ನೋಡಿದರೆ 1787ನೇ ಇಸವಿಗೆ ಬಂದು ನಿಂತೆ!

ಆ ವರ್ಷ ಮೇ ತಿಂಗಳಲ್ಲಿ ಲಂಡನ್ನಿನ ಒಂದು ಮುದ್ರಣಾಲಯದಲ್ಲಿ 12 ಜನ ಸೇರಿದರು. 9 ಮಂದಿ ಕ್ವೇಕರ್ ಪಂಥದವರು. ಆಫ್ರಿಕಾದ ಜನರನ್ನು ಹಡಗಿನಲ್ಲಿ ತುಂಬಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಮಾರುವ ವ್ಯಾಪಾರವನ್ನು ನಿಲ್ಲಿಸಬೇಕು ಅನ್ನುವುದು ಅವರ ಗುರಿ. ಆದರೆ ಗುಲಾಮರನ್ನು ಇಂಗ್ಲೆಂಡಿನ ಸಾಮಾನ್ಯ ಜನ ಕಣ್ಣಾರೆ ಕಂಡದ್ದೇ ಅಪರೂಪ. ಕಾಣದ್ದರ ಬಗ್ಗೆ ಮರುಕ ಎಲ್ಲಿಂದ ಬರಬೇಕು?

ಅದಕ್ಕೆ ಒಂದು ಮುದ್ರೆ ಮಾಡಿಸಿದರು. ಸಂಕೋಲೆ ತೊಟ್ಟು, ಮಂಡಿಯೂರಿ, ಕೈ ಜೋಡಿಸಿ ಮೇಲೆ ನೋಡುತ್ತಿರುವ ಒಬ್ಬ ಕರಿಯ. 'ನಾನು ಮನುಷ್ಯನಲ್ಲವೆ, ಸೋದರನಲ್ಲವೆ?' ಅನ್ನುವ ಅರ್ಥದ ಇಂಗ್ಲಿಷ್ ಮಾತು ಅದರ ಸುತ್ತ. ಕೂಡಲೆ ಜೊಸಾಯ ವೆಜ್‌ವುಡ್ ಅದನ್ನು ಪುಟ್ಟ ಪಿಂಗಾಣಿ ಬಿಲ್ಲೆಯಾಗಿ ಅಚ್ಚು ಹಾಕಿಸಿದ. ಈತ ರಾಣಿಗೇ ಪಿಂಗಾಣಿ ಸಾಮಾನು ಒದಗಿಸುತ್ತಿದ್ದ ದೊಡ್ಡ ವ್ಯಾಪಾರಿ, ಯಾವ ವಸ್ತು ಫ್ಯಾಷನ್ ಆಗುತ್ತೆ ಅಂತ ಚೆನ್ನಾಗಿ ಬಲ್ಲವನು (ಚಾರ್ಲ್ಸ್ ಡಾರ್ವಿನ್ನನ ತಾತನೂ ಹೌದು, ತಾಯಿಯ ಕಡೆಯಿಂದ). ಬಿಲ್ಲೆಗಳನ್ನು ಮಾರಲಿಲ್ಲ, ಹಂಚಿದ. 1788ರಲ್ಲಿ ಒಂದು ಕಟ್ಟು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನಿಗೂ ಹೋಯಿತು. ಹೆಂಗಸರು ಅದನ್ನು ಕಡಗಕ್ಕೆ ಕೂರಿಸಿಕೊಂಡರು, ತಲೆಗೆ ಸಿಕ್ಕಿಸಿಕೊಂಡರು. ಗಂಡಸರು ನಶ್ಯದ ಡಬ್ಬಿಗೆ ಹಾಕಿಸಿಕೊಂಡರು. ಇಂದು ನಾವು ಪ್ರೊಫೈಲ್ ಚಿತ್ರ ಬದಲಿಸುವುದೂ ಇದೇ ತಾನೆ?

ಮುಂದಿನದು ಒಂದು ಹಡಗಿನ ನಕ್ಷೆ. ಲಿವರ್‌ಪೂಲಿನ 'ಬ್ರೂಕ್ಸ್' ಅನ್ನುವ ಹಡಗಿನೊಳಗೆ ಜನರನ್ನು ಹೇಗೆ ಮಲಗಿಸುತ್ತಾರೆ ಅಂತ ತೋರಿಸುವ ಚಿತ್ರ, 1789ರ ಲಂಡನ್ ಮುದ್ರಣ. ಅದರಲ್ಲಿ 482 ಪುಟ್ಟ ಆಕೃತಿಗಳು, ಒಂದಕ್ಕೊಂದು ಅಂಟಿಕೊಂಡು. ಕಾಲಿಡಲೂ ಜಾಗ ಕಾಣುವುದಿಲ್ಲ. ಆದರೆ ಅದೇ ಹಡಗು ಹಿಂದಿನ ಒಂದು ಯಾನದಲ್ಲಿ ಒಯ್ದದ್ದು 609 ಜನರನ್ನು! ಉಳಿದವರು ಎಲ್ಲಿ ಹಿಡಿಸಿದರು ಅಂತ ನೋಡುವವನೇ ಲೆಕ್ಕ ಹಾಕಬೇಕು. ನನಗೆ ಬಿಲ್ಲೆಗಿಂತ ಈ ಚಿತ್ರವೇ ಹೆಚ್ಚು. ಇಲ್ಲಿ ಯಾರೂ ಯಾರನ್ನೂ ಬೇಡುತ್ತಿಲ್ಲ.

1791ರಲ್ಲಿ ಪಾರ್ಲಿಮೆಂಟು ಮಸೂದೆಯನ್ನು ತಳ್ಳಿಹಾಕಿತು. ಆಗ ಜನ ಸಕ್ಕರೆ ಬಿಟ್ಟರು, ಸುಮಾರು 3 ಲಕ್ಷ ಜನ ಅಂತ ಚಳವಳಿಯ ಥಾಮಸ್ ಕ್ಲಾರ್ಕ್‌ಸನ್ನನ ಅಂದಾಜು. ಮರುವರ್ಷ ಪಾರ್ಲಿಮೆಂಟಿಗೆ 519 ಮನವಿಗಳು. ಆಮೇಲೆ, 1820ರ ದಶಕದಲ್ಲಿ, 'ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ' ಅಂತ ಬರೆದ ಸಕ್ಕರೆ ಬಟ್ಟಲುಗಳೂ ಬಂದವು. ಈಸ್ಟ್ ಇಂಡಿಯಾ ಅಂದರೆ ನಮ್ಮದೇ ದೇಶ! ಇಲ್ಲಿ ಜೀತದಾಳುಗಳಿಗೆ ಬರವಿತ್ತೆ? ಕಂಪನಿಯ ಆಳ್ವಿಕೆಯಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದೇ 1843ರಲ್ಲಿ. ಬಟ್ಟಲಿನ ಮೇಲೆ ಅದನ್ನು ಯಾರು ಬರೆಯುತ್ತಾರೆ ಹೇಳಿ.

ವ್ಯಾಪಾರ ನಿಷೇಧಕ್ಕೆ 1807ರಲ್ಲಿ ಕಾನೂನು ಬಂತು, ಗುಲಾಮಗಿರಿಯ ರದ್ದತಿಗೆ 1833ರಲ್ಲಿ. ಪರಿಹಾರ 2 ಕೋಟಿ ಪೌಂಡು. ಅದು ಹೋದದ್ದು ಮಾಲೀಕರಿಗೆ. ಮಂಡಿಯೂರಿದವನಿಗೆ ಒಂದು ಕಾಸೂ ಇಲ್ಲ. ಕೈ ಜೋಡಿಸಿದವನಿಗೆ ದಯೆ ತೋರಿಸಬಹುದು, ಬಾಕಿ ತೀರಿಸಬೇಕು ಅಂತ ಯಾರಿಗೂ ಅನಿಸಲಿಲ್ಲವೇನೋ.

ಆ ಬಿಲ್ಲೆಯ ಮನುಷ್ಯನಿಗೆ ಹೆಸರೂ ಇಲ್ಲ. ಆದರೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಹೆಸರಿದ್ದ ಒಬ್ಬನಿದ್ದ, ಒಲೌಡಾ ಈಕ್ವಿಯಾನೊ. ಗುಲಾಮನಾಗಿದ್ದವನು, ತಾನೇ ದುಡಿದು ತನ್ನ ಬಿಡುಗಡೆ ಕೊಂಡವನು. 1789ರಲ್ಲಿ ಆತ್ಮಕಥೆ ಬರೆದು, ಮೊದಲೇ ಚಂದಾ ಎತ್ತಿ ಅಚ್ಚು ಹಾಕಿಸಿದ. ಊರೂರು ತಿರುಗಿ ಮಾರಿದ, ಅವನ ಜೀವಿತದಲ್ಲೇ 9 ಮುದ್ರಣ ಕಂಡಿತು. ಪುಸ್ತಕದ ಮೊದಲಲ್ಲಿ ಅವನ ಚಿತ್ರವಿದೆ. ಒಳ್ಳೆಯ ಕೋಟು ತೊಟ್ಟು, ಕೈಯಲ್ಲಿ ಬೈಬಲ್ ಹಿಡಿದು, ನೆಟ್ಟಗೆ ನಮ್ಮನ್ನೇ ನೋಡುತ್ತಾನೆ.

ಮರುವರ್ಷದ ಕರಪತ್ರಕ್ಕೆ ಆ ಹುಡುಗನನ್ನೇ ಕೇಳಿದೆ, ಹೇಗೆ ನಿಂತ್ಕೋತೀಯಪ್ಪಾ ಅಂತ. ಅಪ್ಪನ ತರಕಾರಿ ಗಾಡಿಯ ಪಕ್ಕ, ತಲೆ ಬಾಚಿಕೊಂಡು, ತಕ್ಕಡಿ ಹಿಡಿದು ನಿಂತ. ಅಪ್ಪ ನಾಲ್ಕು ಪ್ರತಿ ಕೇಳಿ ತೆಗೆದುಕೊಂಡರು. ಆ ಸಲ ದುಡ್ಡು ಹಿಂದಿನ ವರ್ಷದ ಅರ್ಧದಷ್ಟೂ ಬರಲಿಲ್ಲ. ಒಬ್ಬ ಮೇಡಂನ್ನ ಬಿಟ್ಟು ಉಳಿದವರಿಗೆ ಸಂಬಳ ಎರಡು ತಿಂಗಳು ತಡವಾಯಿತು.